ಅರ್ಧ ಮಾತ್ರೆಯ ಅಳತೆ

ಶಾಲೆಯ ಹೆಡ್‌ಮಿಸ್ ನಮ್ಮ ಅಂಗಡಿಗೆ ಬಂದು ವೇದಿಕೆಯ ಪರದೆಯ ಬಗ್ಗೆ ಮಾತಾಡಿದಷ್ಟು ಹೊತ್ತೂ ನಾನು ಆಕಳಿಸಿದೆ. ಬಾಯಿಗೆ ಕೈ ಅಡ್ಡ ಇಟ್ಟೆ, ತುಟಿ ಬಿಗಿ ಹಿಡಿದೆ, ಟೇಪು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ತಲೆ ತೂರಿಸಿ ಅಲ್ಲೂ ಒಂದು ಆಕಳಿಸಿ ಬಂದೆ. ನಿದ್ದೆಯ ಆಕಳಿಕೆಯಲ್ಲ ಅದು. ನೆಟ್ಟಗೆ ನಿದ್ದೆ ಮಾಡಿ ಎಷ್ಟೋ ಕಾಲವಾಗಿತ್ತು. ಮಾತ್ರೆ ಕಡಿಮೆಯಾದಾಗ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ, ಮೂಗು ಸೋರುತ್ತದೆ, ಆಮೇಲೆ ಒಂದರ ಹಿಂದೊಂದು ಸೀನು. ಆಯಮ್ಮ ನನ್ನ ಮುಖ ನೋಡಿ, "ನನ್ನ ಮಾತು ಅಷ್ಟೊಂದು ಬೇಜಾರಾ?" ಅಂದರು. "ಅಯ್ಯೋ ಇಲ್ಲ ಮೇಡಂ, ಬಟ್ಟೆ ಧೂಳು," ಅಂದೆ. ಧೂಳಿಗೆ ಯಾರಾದರೂ ಆಕಳಿಸುತ್ತಾರಾ ಎಂದು ಅವರು ಕೇಳಲಿಲ್ಲ, ಅದು ಅವರ ದೊಡ್ಡತನ.

ಅತ್ತೆ ಹೊಲಿಗೆ ಯಂತ್ರದ ಹಿಂದಿನಿಂದ ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು. ಗಿರಾಕಿ ಮೆಟ್ಟಿಲಿಳಿದ ಮೇಲೆ, "ಅಳಿಯಂದ್ರೇ, ಮುಂದಿನ ಸಲ ಯಾರಾದ್ರೂ ಬಂದಾಗ ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ. ಗೋಡೆ ಏನೂ ಅಂದ್ಕೊಳ್ಳಲ್ಲ," ಅಂದರು.

ನಾವು ಪರದೆ ಹೊಲಿಯುವವರು. ಕಿಟಕಿಯದು, ಆಸ್ಪತ್ರೆಯ ಮಂಚದ ಸುತ್ತಲಿನದು, ಸಭಾಂಗಣದ್ದು, ಮುಚ್ಚಬೇಕಾದ ಜಾಗ ಎಲ್ಲಿದ್ದರೂ ಜನ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ಅತ್ತೆಯದು, ಮನೆ ಅತ್ತೆಯದು, ನನ್ನ ಹೆಂಡತಿಯೂ ಮೊದಲು ಅತ್ತೆಯ ಮಗಳು, ಆಮೇಲೆ ನನ್ನ ಹೆಂಡತಿ. ಮನೆಯಳಿಯ ಎಂದು ಬೀದಿಯಲ್ಲಿ ಯಾರಾದರೂ ಹಲ್ಲು ಕಿರಿದರೆ ಮೊದಲೆಲ್ಲ ನಾನೂ ನಗುತ್ತಿದ್ದೆ. ನನ್ನದು ಅಂತ ಹೇಳಿಕೊಳ್ಳಲು ಒಂದು ದೊಡ್ಡ ಕತ್ತರಿ ಇತ್ತು, ಗಟ್ಟಿ ಬೆನ್ನಿತ್ತು. ಅತ್ತೆ ಹೊಲಿಯುತ್ತಿದ್ದರು, ನಾನು ಬಟ್ಟೆ ಕತ್ತರಿಸುತ್ತಿದ್ದೆ, ಹೊಲಿದದ್ದನ್ನು ಏಣಿ ಹತ್ತಿ ತೂಗುಹಾಕುತ್ತಿದ್ದೆ. ಒಂದು ಕಚೇರಿಯ ಎತ್ತರದ ಕಿಟಕಿಗೆ ಸಲಾಕೆ ಕೂರಿಸುತ್ತಿದ್ದಾಗ ಏಣಿ ಜಾರಿತು. ಆಪರೇಷನ್ ಆಯಿತು. ಆಮೇಲೆ ಮಾತ್ರೆ.

ಮಾತ್ರೆ ಕೊಟ್ಟ ಡಾಕ್ಟರನ್ನು ನಾನು ಬಯ್ಯುವುದಿಲ್ಲ. ಆ ನೋವಿಗೆ ಅದೇ ಬೇಕಿತ್ತು. ನುಂಗಿದ ಸ್ವಲ್ಪ ಹೊತ್ತಿಗೆ ನೋವು ಎದ್ದು ಪಕ್ಕದ ಕೋಣೆಗೆ ಹೋಗಿ ಕೂರುತ್ತಿತ್ತು. ಇದೆ ಎಂದು ಗೊತ್ತಾಗುತ್ತಿತ್ತು, ಆದರೆ ನನ್ನ ತಂಟೆಗೆ ಬರುತ್ತಿರಲಿಲ್ಲ. ಕಷ್ಟ ಏನೆಂದರೆ ಮನಸ್ಸಿನ ಬೇಗುದಿಯೂ ಅದರ ಜೊತೆಗೇ ಎದ್ದು ಹೋಗುತ್ತಿತ್ತು. ಅಂಗಡಿಯ ಚಿಂತೆ, ಅತ್ತೆಯ ಮಾತು, ಮನೆಯಳಿಯ ಎಂಬ ಚುಚ್ಚು, ಎಲ್ಲ. ಮೂಳೆ ಕೂಡಿತು, ಗಾಯ ಮಾಯಿತು, ಮಾತ್ರೆ ಉಳಿಯಿತು. ಕೊನೆಕೊನೆಗೆ ನಾನು ಬೆನ್ನಿನ ನೋವಿಗೆ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ, ಮಾತ್ರೆ ಇಲ್ಲದಿದ್ದರೆ ಬರುವ ನೋವಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಒಬ್ಬರು ಕೊಡುವುದು ಸಾಲದೆ ಎರಡನೇ ಡಾಕ್ಟರ ಹತ್ತಿರ ಹೋಗಿ, ಮೊದಲನೆಯವರ ಹೆಸರೇ ಎತ್ತದೆ ಚೀಟಿ ಬರೆಸಿಕೊಂಡೆ. ಔಷಧಿ ಅಂಗಡಿಯವನು ಒಂದು ದಿನ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಹೇಳಿದ.

ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಂಡಿಯ ಹಿಂದೆ ಕೂರುವವಳು. ಇಡೀ ದಿನ ಜನರ ಹತ್ತಿರ ಕೂಗಾಡಿ ಬಂದವಳು ನನ್ನ ಹತ್ತಿರ ಕೂಗಾಡಲಿಲ್ಲ. ಕೆಲಸದ ಕೋಟನ್ನೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತು, "ಇನ್ನು ನನ್ನ ಕೈಲಾಗಲ್ಲ ರೀ," ಅಂದಳು. ಅಷ್ಟೇ. ಮಾರನೆಯ ದಿನ ಕ್ಲಿನಿಕ್ಕಿಗೆ ಹೋದೆವು.

ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು ಎಂದರು ಅಲ್ಲಿಯ ಡಾಕ್ಟರು. ಮಾತ್ರೆ ನನ್ನ ಕೈಯಲ್ಲಿರಬಾರದು, ಮನೆಯಲ್ಲಿ ಇನ್ನೊಬ್ಬರು ಇಟ್ಟುಕೊಂಡು ಕೊಡಬೇಕು. ಹೆಂಡತಿ ನಸುಕಿಗೇ ಕೆಲಸಕ್ಕೆ ಹೋಗುವವಳು. ಉಳಿದದ್ದು ಅತ್ತೆ. ಹಾಗೆ ನನ್ನ ಜುಟ್ಟು ಅತ್ತೆಯ ಕೈಗೆ ಹೋಯಿತು.

ಅತ್ತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಊರಲ್ಲಿ ಅವರಷ್ಟು ಕಡಿಮೆ ಬಟ್ಟೆಯಲ್ಲಿ ಪರದೆ ತೆಗೆಯುವವರು ಇನ್ನೊಬ್ಬರಿಲ್ಲ. ಗಿರಾಕಿ ತಂದ ಬಟ್ಟೆಯಲ್ಲಿ ಕಿಟಕಿಗೆ ಪರದೆ ಮಾಡಿ, ಮಿಕ್ಕಿದ್ದರಲ್ಲಿ ದಿಂಬಿನ ಚೀಲ ಮಾಡಿ, ಅದರಲ್ಲೂ ಮಿಕ್ಕಿದ್ದನ್ನು ಡಬ್ಬಿಗೆ ತುಂಬುತ್ತಾರೆ. ಅಂಚು ಮಡಚಲು ಬಿಡುವ ಜಾಗದಲ್ಲಿ ಒಂದು ನೂಲು, ನೆರಿಗೆಯಲ್ಲಿ ಒಂದು ನೂಲು, ಹೀಗೆ ಯಾರ ಕಣ್ಣಿಗೂ ಬೀಳದ ಹಾಗೆ ಸವರಿ ಉಳಿಸುವುದು ಅವರ ಕೈಗೆ ಅಂಟಿದ ಚಾಳಿ. "ಎಲ್ಲಿ ಉಳಿಸಿದೆ ಅಂತ ಕಾಣ್ಬಾರ್ದು, ಅದೇ ಕೈಚಳಕ," ಎಂದು ನನಗೂ ಕಲಿಸಿದವರು ಅವರೇ.

ನಾಲ್ಕಾರು ಮೆಟ್ಟಿಲು ಇಳಿದು, ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಎನ್ನುವಲ್ಲಿಗೆ ಬಂದಿದ್ದೆ. ಮುಂದಿನ ಸಲ ಬರುವವರೆಗೆ ಇಷ್ಟೇ ಇರಲಿ, ಹೆಚ್ಚೂ ಬೇಡ, ಕಮ್ಮಿಯೂ ಬೇಡ ಎಂದಿದ್ದರು ಡಾಕ್ಟರು. ಹೊತ್ತಿಗೆ ಸರಿಯಾಗಿ ಅತ್ತೆ ಅಂಗಡಿಯ ಹಿಂದಿನ ಕೋಣೆಗೆ ಹೋಗುತ್ತಿದ್ದರು. ದಾರ ತುಂಡರಿಸುವ ಪುಟ್ಟ ಕತ್ತರಿಯಿಂದ ಕಟ್ ಎಂದು ಒಂದು ಸದ್ದು. ಮಾತ್ರೆ ಎಲ್ಲಿಟ್ಟಿದ್ದರೋ ನನಗೆ ಗೊತ್ತಿರಲಿಲ್ಲ. ಹುಡುಕಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊರಗೆ ಬಂದು, "ಹ್ಞಾ, ಹಿಡೀರಿ," ಎಂದು ಅಂಗೈಗೆ ಹಾಕುತ್ತಿದ್ದರು. ಅಂಗೈಗೆ ಬಿದ್ದದ್ದೇ ತಡ, ಗಂಟಲಲ್ಲಿ ಇಳಿದಿರುತ್ತಿತ್ತು.

ಅರ್ಧಕ್ಕೆ ಬಂದ ಮೊದಲ ವಾರ ಪರವಾಗಿರಲಿಲ್ಲ. ದಿನ ಕಳೆದ ಹಾಗೆ ಮೈ ಒಗ್ಗಿಕೊಳ್ಳುತ್ತದೆ ಎಂದಿದ್ದರು ಡಾಕ್ಟರು. ನನಗೆ ತಿರುಗುಮುರುಗು. ದಿನ ಕಳೆದ ಹಾಗೆ ಕಾಲಿನೊಳಗೆ ಇರುವೆ ಹರಿದಂತಾಗಿ ಒದ್ದಾಡತೊಡಗಿದೆ. ಹೊಟ್ಟೆ ಕೆಟ್ಟಿತು. ಸೆಕೆಯಲ್ಲೂ ಮೈ ಮೇಲೆ ಮುಳ್ಳೆದ್ದು ನಿಲ್ಲುತ್ತಿತ್ತು. ಅಂಗಿಯ ಕಾಲರು ಕತ್ತಿಗೆ ತಾಗಿದರೆ ಯಾರೋ ಕೆರೆದ ಹಾಗೆ. ಇಷ್ಟು ಮಾತ್ರೆ ಹೊಟ್ಟೆಯೊಳಗಿದ್ದೂ ಹೀಗೆ ನರಳುವವನು ಪೂರ್ತಿ ಬಿಡುವುದುಂಟೆ? ಬೇರೆಯವರು ಬಿಟ್ಟಿದ್ದಾರೆ, ಅವರು ಯಾರೋ ಗಟ್ಟಿಗರು, ನಾನು ಹೇಡಿ ಎಂದು ನನಗೆ ಖಾತ್ರಿಯಾಗಿಬಿಟ್ಟಿತು. ಸಾಕಾಗಿ ಹೋಗಿತ್ತು. ಮುಂದಿನ ಸಲ ಹೋದಾಗ, ನನ್ನ ಕೈಲಾಗಲ್ಲ, ಮೊದಲಿನಷ್ಟೇ ಕೊಟ್ಟುಬಿಡಿ ಎಂದು ಡಾಕ್ಟರ ಕಾಲು ಹಿಡಿಯುವುದೆಂದು ತೀರ್ಮಾನಿಸಿದ್ದೆ. ಹೆಂಡತಿಗೆ ಹೇಳಿರಲಿಲ್ಲ. ಹೇಳಿದರೆ ಅವಳು ಮತ್ತೆ ಆ ಮೆಟ್ಟಿಲ ಮೇಲೆ ಕೂರುತ್ತಾಳೆ ಎಂದು ಹೆದರಿಕೆ.

ಇಂಥ ಹೊತ್ತಲ್ಲಿ ಬಂದದ್ದು ಶಾಲೆಯ ಪರದೆ. ಅದೂ ಕೆಂಪು ಮಖಮಲ್ಲು.

ಮಖಮಲ್ಲಿನಲ್ಲಿ ಕೆಲಸ ಮಾಡದವರಿಗೆ ಅದರ ಕಾಟ ಗೊತ್ತಿರುವುದಿಲ್ಲ. ಅದರ ಎಳೆಗಳು ಒಂದು ದಿಕ್ಕಿಗೆ ಮಲಗಿರುತ್ತವೆ. ಆ ಕಡೆ ಸವರಿದರೆ ನುಣುಪು, ಎದುರು ಸವರಿದರೆ ಒರಟು. ಒಂದು ಪಟ್ಟಿಯಲ್ಲಿ ಎಳೆ ಕೆಳಮುಖವಾಗಿ, ಪಕ್ಕದ್ದರಲ್ಲಿ ಮೇಲ್ಮುಖವಾಗಿ ಹೊಲಿದುಬಿಟ್ಟರೆ, ದೀಪ ಬಿದ್ದಾಗ ಒಂದು ಕೆಂಪಗೆ, ಇನ್ನೊಂದು ಕಪ್ಪಗೆ ಕಾಣುತ್ತದೆ. ಅದಕ್ಕೇ ಪ್ರತಿ ಪಟ್ಟಿಯ ಹಿಂದೆ ಎಳೆ ಮಲಗಿದ ದಿಕ್ಕಿಗೆ ಸೀಮೆಸುಣ್ಣದಿಂದ ಬಾಣ ಎಳೆಯುತ್ತೇವೆ. ಸವರಿ ನೋಡಿ ಬಾಣ ಎಳೆಯುವುದು ನನ್ನ ಕೆಲಸ. ನನಗೋ ಆ ಬಟ್ಟೆ ಮುಟ್ಟಿದರೆ ಹಲ್ಲು ಜುಮ್ಮೆನ್ನುತ್ತಿತ್ತು, ಮೈಯೆಲ್ಲ ನಡುಗುತ್ತಿತ್ತು. ಒಂದು ಪಟ್ಟಿಯನ್ನು ಸವರಿದ ಶಾಸ್ತ್ರ ಮಾಡಿ, ಅಂದಾಜಿಗೆ ಬಾಣ ಎಳೆದು ಅತ್ತೆಗೆ ದಾಟಿಸಿದೆ.

ಮರುದಿನ ಮಧ್ಯಾಹ್ನ, ಹೊಲಿದ ಪಟ್ಟಿಗಳನ್ನು ಅತ್ತೆ ಬಾಗಿಲ ಬೆಳಕಿಗೆ ಸಾಲಾಗಿ ತೂಗುಹಾಕಿದರು. ಎಲ್ಲ ಕೆಂಪು, ನಡುವೆ ಒಂದು ಕಪ್ಪು. ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿತ್ತು.

ಬರೀ ಕತ್ತರಿಸಿದ್ದಾಗಿದ್ದರೆ ತಲೆಕೆಳಗು ತಿರುಗಿಸಿಕೊಂಡು ಹೊಲಿದರೆ ಮುಗಿಯುತ್ತಿತ್ತು. ಆದರೆ ಅತ್ತೆ ಆಗಲೇ ಮೇಲೆ ನೆರಿಗೆ ಹಿಡಿದು, ಕೆಳಗೆ ಭಾರದ ಸರಪಳಿ ಸೇರಿಸಿ ಅಂಚು ಮಡಚಿಯಾಗಿತ್ತು. ಮಖಮಲ್ಲಿನಲ್ಲಿ ಹೊಲಿಗೆ ಬಿಚ್ಚಿದರೆ ಸೂಜಿಯ ಕಲೆ ಹೋಗುವುದಿಲ್ಲ. ಥಾನಿನಲ್ಲಿ ಇನ್ನೊಂದು ಪಟ್ಟಿಗೆ ಆಗುವಷ್ಟು ಬಟ್ಟೆ ಉಳಿದಿತ್ತು. ಅದಷ್ಟೇ, ಆ ಬಣ್ಣ ಗಿರಣಿಯಲ್ಲಿ ಮುಗಿದಿತ್ತು. ಸಂಜೆ ಹೊಲಿಯಬೇಕು, ನಾಳೆ ತೂಗುಹಾಕಬೇಕು, ನಾಡಿದ್ದು ಶಾಲೆಯ ನಾಟಕ.

ಅತ್ತೆ ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. ಸ್ಟೂಲಿನ ಮೇಲೆ ಕೂತು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಒರೆಸಿ ಇಟ್ಟರು. ಬಯ್ದಿದ್ದರೆ ಚೆನ್ನಾಗಿತ್ತು. ಆಮೇಲೆ ಎದ್ದು ಹಿಂದಿನ ಕೋಣೆಗೆ ಹೋಗಿ, ಯಂತ್ರದ ಸೂಜಿ ಇಡುವ ಒಂದು ಚಪ್ಪಟೆ ಡಬ್ಬಿ ತಂದರು. ಮಖಮಲ್ಲಿನ ಪಕ್ಕ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು.

"ತಗೊಳ್ಳಿ," ಅಂದರು. "ಇವತ್ತೊಂದಿನ. ಕೈ ನಿಲ್ಲಬೇಕಲ್ಲ. ಕತ್ತರಿಸಿ ಮುಗಿಸಿ, ನಾಳೆಯಿಂದ ಮತ್ತೆ ಮೊದಲಿನ ಹಾಗೆ."

ಡಬ್ಬಿಯೊಳಗೆ ಬಿಳಿ ಚೂರುಗಳಿದ್ದವು. ಉಗುರು ಕತ್ತರಿಸಿ ಹಾಕಿದಂಥ ಸಣ್ಣ ಸಣ್ಣ ಚೂರು, ನಡುನಡುವೆ ಪುಡಿ. ಅದೇನೆಂದು ನೋಡಿದ ಕೂಡಲೇ ಗೊತ್ತಾಯಿತು. ಎಲ್ಲಿಂದ ಬಂತು ಎನ್ನುವುದು ಮಾತ್ರ ಗೊತ್ತಾಗಲಿಲ್ಲ. ಬಾಯಲ್ಲಿ ನೀರೂರಿತು, ಅದನ್ನು ಮುಚ್ಚಿಡುವುದೇಕೆ.

"ಎಲ್ಲಿದು ಅತ್ತೆ?"

"ನಿಮ್ಮದೇ."

"ನನ್ನದಾ? ನಾನು ಒಂದು ಚೂರೂ ಬಿಟ್ಟಿಲ್ವಲ್ಲ."

ಅತ್ತೆ ಪರದೆಯ ಕಡೆ ನೋಡುತ್ತಾ ಹೇಳಿದರು. "ಅರ್ಧದಲ್ಲಿ ಸ್ವಲ್ಪ ಸ್ವಲ್ಪ ಸವರ್ತಾ ಇದ್ದೆ. ಮೊದಲು ಮೂಲೆ ಮಾತ್ರ. ನಿಮಗೆ ಗೊತ್ತಾಗ್ಲಿಲ್ಲ. ಆಮೇಲೆ ಇನ್ನೊಂಚೂರು. ಬೇಗ ಕಳಚ್ಕೊಳ್ಳಲಿ ಅಂತ. ಹೇಳಿದ್ರೆ ನೀವು ಊರು ಒಂದು ಮಾಡ್ತಿದ್ರಿ. ಎಸೆಯೋಕೂ ಮನಸ್ಸು ಬರಲಿಲ್ಲ, ಯಾವತ್ತಾದ್ರೂ ಕಷ್ಟಕ್ಕೆ ಆಗುತ್ತೆ ಅಂತ ಎತ್ತಿಟ್ಟೆ."

"ಈಗ ಎಷ್ಟು ಕೊಡ್ತಾ ಇದ್ದೀರಿ?"

ಅವರು ಪರದೆಯ ನೆರಿಗೆಯೊಂದನ್ನು ಸರಿಮಾಡಿದರು.

"ಅತ್ತೆ, ಎಷ್ಟು?"

"ಕಾಲು ಮಾತ್ರೆ ಅಂದ್ಕೊಳ್ಳಿ. ಅದಕ್ಕಿಂತ ಚೂರು ಕಮ್ಮೀನೇ."

ಸಿಟ್ಟು ನೆತ್ತಿಗೇರಿತು. ಇಂಚುಪಟ್ಟಿಯನ್ನು ಮೇಜಿಗೆ ಬಡಿದೆ. "ನಾನೇನು ದಿಂಬಿನ ಚೀಲವಾ? ಮನುಷ್ಯ ಅತ್ತೆ! ಕಾಲು ಹರ್ಕೊಳ್ಳೋ ಹಾಗೆ ಆಗ್ತಿತ್ತು. ನೆಲದ ಮೇಲೆ ಬಿದ್ದು ಉರುಳಾಡೋದು ನೋಡಿದ್ರಲ್ಲ. ನೋಡ್ತಾ ನೋಡ್ತಾನೇ ಸವರಿದ್ರಾ?" ಅವರೆದುರು ನಾನು ಯಾವತ್ತೂ ದನಿ ಎತ್ತಿದವನಲ್ಲ. ಎತ್ತಿದ್ದೂ ಸೀನಿನಲ್ಲಿ ಮುಗಿಯಿತು. ಒಂದಲ್ಲ, ಸಾಲಾಗಿ.

ಅಷ್ಟರಲ್ಲಿ ಹೆಂಡತಿ ಕೆಲಸ ಮುಗಿಸಿಕೊಂಡು ಒಳಗೆ ಬಂದಳು. ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು. ನಾನೇ ಎಲ್ಲಿಂದಲೋ ಕದ್ದು ತಂದಿದ್ದೇನೆ ಅಂದುಕೊಂಡಳು. ಆ ನೋಟವನ್ನು ನಾನು ಮರೆಯಲಾರೆ. ಅತ್ತೆ ತಕ್ಷಣ, "ಅವರದೇನಿಲ್ಲ, ಇದು ನಂದು," ಎಂದು ಎಲ್ಲ ಹೇಳಿದರು. ಕೇಳಿದವಳು, "ಅಮ್ಮಾ, ನಿನಗೆ ತಲೆ ನೆಟ್ಟಗಿದೆಯಾ?" ಎಂದು ಒಂದೇ ಮಾತು ಅಂದು ಕ್ಲಿನಿಕ್ಕಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

ಅಲ್ಲಿಯ ಸಿಸ್ಟರ್ ಎಲ್ಲ ಕೇಳಿಸಿಕೊಂಡರು. ಎಷ್ಟು ಕಾಲದಿಂದ, ವಾಂತಿ ಇದೆಯಾ, ನೀರು ಕುಡಿಯುತ್ತಿದ್ದಾರಾ, ಎದೆ ಬಡಿತ ಹೇಗಿದೆ, ಒಂದೊಂದಾಗಿ ವಿಚಾರಿಸಿದರು. ಆಮೇಲೆ, "ಅಮ್ಮಾ, ಇದು ಬಟ್ಟೆ ಅಲ್ಲ. ಕಮ್ಮಿ ಮಾಡಿದ್ರೆ ಒಳ್ಳೇದೇ ಅಂತ ನೀವೇ ತೀರ್ಮಾನ ಮಾಡೋ ಹಾಗಿಲ್ಲ," ಎಂದು ಅತ್ತೆಗೆ ಚೆನ್ನಾಗಿ ಬಿಡಿಸಿ ಹೇಳಿದರು. ಈ ವಯಸ್ಸಿನಲ್ಲಿ ಅತ್ತೆ ಇನ್ನೊಬ್ಬರಿಂದ ಬೈಸಿಕೊಳ್ಳುವುದನ್ನು ನಾನು ಮೊದಲ ಸಲ ನೋಡಿದ್ದು. ನೋಡಿ ಖುಷಿಯಾಗಬೇಕಿತ್ತು. ಆಗಲಿಲ್ಲ.

ಸಿಸ್ಟರ್ ಡಾಕ್ಟರನ್ನು ಕೇಳಿ ಬಂದು ನನಗೆ ಹೇಳಿದರು. "ನಿಮಗೆ ಬರೆದಿರೋದು ಅರ್ಧ. ಸಂಜೆ ಅಷ್ಟನ್ನೂ ತಗೊಂಡ್ರೆ ಯಾರೂ ತಪ್ಪು ಅನ್ನಲ್ಲ. ತಡ್ಕೋಬಹುದು ಅನ್ಸಿದ್ರೆ ಈಗಿರೋ ಅಳತೇಲೇ ಇರಿ, ಅದಕ್ಕೂ ಡಾಕ್ಟ್ರು ಸರಿ ಅಂದಿದ್ದಾರೆ. ಅರ್ಧ ದಾಟೋ ಹಾಗಿಲ್ಲ. ಆ ಚೂರುಗಳನ್ನ ಮುಟ್ಟಬೇಡಿ, ನಾಳೆ ಒಂದು ಸಲ ಬಂದು ಇಲ್ಲಿ ಕೊಟ್ಟುಹೋಗಿ." ಆಮೇಲೆ, "ಕಾಲು ಮಾತ್ರೆಯಲ್ಲಿ ಅಂಗಡೀಲಿ ನಿಂತು ಕೆಲಸ ಮಾಡ್ತಾ ಇದ್ರಾ?" ಅಂದರು.

"ಹೂಂ. ಒಂದು ಪಟ್ಟಿ ತಪ್ಪಿತು," ಅಂದೆ.

"ಒಂದೇನಾ?" ಅಂದರು ಸಿಸ್ಟರ್.

ಫೋನ್ ಇಟ್ಟ ಮೇಲೆ ನಾನು ಮೇಜಿಗೆ ಒರಗಿ ನಿಂತೆ. ಒಂದೇನಾ ಎನ್ನುವ ಆ ಮಾತು ತಲೆಯೊಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಡಾಕ್ಟರು ಕೊಟ್ಟದ್ದನ್ನೂ ತಾಳಲಾಗದ ಹೇಡಿ ಎಂದು ದಿನಾ ನನ್ನನ್ನು ನಾನೇ ಹಳಿದುಕೊಂಡಿದ್ದೆ. ನೋಡಿದರೆ ಅವರು ಹೇಳಿದ ಮೆಟ್ಟಿಲನ್ನು ಯಾವತ್ತೋ ದಾಟಿ ಅದರ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದೆ. ಯಾರೂ ಕೈ ಹಿಡಿಯದೆ, ನನಗೇ ಗೊತ್ತಿಲ್ಲದೆ. ಅಳು ಬಂತು. ಮೂಗು ಕಣ್ಣು ಮೊದಲೇ ಸೋರುತ್ತಿದ್ದುದರಿಂದ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಹೆಂಡತಿಗೆ ಗೊತ್ತಾಯಿತು. ಅವಳು ಬಂದು ಪಕ್ಕದಲ್ಲಿ ನಿಂತಳು.

"ಮುಂದಿನ ಸಲ ಹೋದಾಗ ಮೊದಲಿನಷ್ಟೇ ಕೇಳೋಣ ಅಂತಿದ್ದೆ," ಅಂದೆ.

"ಗೊತ್ತು," ಅಂದಳು ಅವಳು. "ನಿಮ್ಮ ಮುಖದ ಮೇಲೇ ಬರೆದಿತ್ತು."

ಬಟ್ಟೆ ಹಾಗೇ ಮೇಜಿನ ಮೇಲೆ ಬಿದ್ದಿತ್ತು. ಯಾರ ಗೋಳು ಏನೇ ಇರಲಿ, ನಾಡಿದ್ದು ನಾಟಕ ನಿಲ್ಲುವುದಿಲ್ಲವಲ್ಲ. ಹೆಂಡತಿ ಒಂದು ತುದಿ ಹಿಡಿದಳು, ಅತ್ತೆ ಇನ್ನೊಂದು ತುದಿ. ನಾನು ಹಲ್ಲು ಕಚ್ಚಿ ಅಂಗೈಯಿಂದ ಸವರಿದೆ. ಮೈಯೆಲ್ಲ ಮುಳ್ಳೆದ್ದಿತು. ಎದುರು ದಿಕ್ಕಿಗೆ ಸವರಿದಾಗ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಚರ್ಮಕ್ಕೆ ಚುಚ್ಚಿದ ಹಾಗಾಯಿತು. ಈ ಸಲ ಅಂದಾಜಿನ ಮಾತೇ ಇರಲಿಲ್ಲ. "ಇದು ಕೆಳಗೆ," ಅಂದೆ. ಅತ್ತೆ ಬಾಣ ಎಳೆದರು. ನನಗೆ ನಂಬಿಕೆ ಬಾರದೆ ಮತ್ತೊಮ್ಮೆ ಸವರಿದೆ, ಮಗದೊಮ್ಮೆ ಸವರಿದೆ.

ಕತ್ತರಿಸುವಾಗ ಸೀನು ಬಂದಾಗಲೆಲ್ಲ ಕತ್ತರಿ ಎತ್ತಿ ಪಕ್ಕಕ್ಕೆ ಹಿಡಿದು, ಸೀನಿ, ಕಣ್ಣೊರೆಸಿಕೊಂಡು ಮತ್ತೆ ಶುರು ಮಾಡುತ್ತಿದ್ದೆ. ನನ್ನ ಹೆಂಡತಿ ಒಂದು ಸಲ ಕಿಸಕ್ಕೆಂದು ನಕ್ಕಳು. ಮೊದಲಾಗಿದ್ದರೆ ಹತ್ತು ನಿಮಿಷದ ಕೆಲಸ, ಬೆಳಕು ಇಳಿಯುವವರೆಗೂ ಎಳೆಯಿತು. ಅಂಚು ನೋಡಿದರೆ ಅಲ್ಲಲ್ಲಿ ಸೊಟ್ಟ. ಮಡಚಿದರೆ ಒಳಗೆ ಹೋಗುತ್ತದೆ, ಪರವಾಗಿಲ್ಲ ಅಂದರು ಅತ್ತೆ. ಅಂಚಿಗೆ ಯಾವತ್ತೂ ಒಂದು ನೂಲು ಹೆಚ್ಚು ಬಿಡದವರು ಆವತ್ತು ಬೆರಳಗಲ ಬಿಟ್ಟು ಗುರುತು ಹಾಕಿದ್ದರು.

ಪಟ್ಟಿಯನ್ನು ಸಾಲಿಗೆ ಹಿಡಿದು ನೋಡಿದೆವು. ಕೆಂಪು.

ನನ್ನ ಕಾಲು ಆಗಲೇ ನಿಂತಲ್ಲಿ ನಿಲ್ಲಲಾರದೆ ಕುಣಿಯತೊಡಗಿತ್ತು. ಬೆನ್ನಿನ ಕೆಳಭಾಗ ಸೀಳಿದಂತೆ ಆಗುತ್ತಿತ್ತು. ಸಂಜೆಯ ಹೊತ್ತಾಯಿತು ಎಂದು ಯಾರೂ ಹೇಳಬೇಕಿರಲಿಲ್ಲ. ಅತ್ತೆ ಹಿಂದಿನ ಕೋಣೆಗೆ ಹೋದವರು ಅಲ್ಲೇ ಕತ್ತರಿಸದೆ, ಇಡೀ ಮಾತ್ರೆಯನ್ನೂ ದಾರದ ಕತ್ತರಿಯನ್ನೂ ತಂದು ನನ್ನೆದುರಿಗೆ ಮೇಜಿನ ಮೇಲಿಟ್ಟರು.

"ಇನ್ನು ನೀವೇ ಕತ್ತರಿಸ್ಕೊಳ್ಳಿ. ನನ್ನ ಕೈ ನಂಬೋ ಹಾಗಿಲ್ಲ," ಅಂದರು. ಅವರ ಮುಖ ಸಣ್ಣದಾಗಿತ್ತು.

ಬೆಳ್ಳಗೆ, ದುಂಡಗೆ, ಇಡೀ ಮಾತ್ರೆ. ಅದನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟೋ ಕಾಲವಾಗಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ನಾನು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ.

"ಬೇಡ ಅತ್ತೆ. ನನ್ನ ಕೈಗೆ ಇನ್ನೂ ಕೊಡಬೇಡಿ. ನೀವೇ ಕತ್ತರಿಸಿ. ನನ್ನ ಕಣ್ಣೆದುರು ಕತ್ತರಿಸಿ, ಅಷ್ಟು ಸಾಕು."

ಅವರು ಕನ್ನಡಕ ಹಾಕಿಕೊಂಡರು. ಮಾತ್ರೆಯನ್ನು ಬೆರಳ ತುದಿಯಲ್ಲಿ ಹಿಡಿದು, ಕತ್ತರಿಯ ಬಾಯಿಗೆ ಕೊಟ್ಟು, ಹಾಗೇ ನಿಲ್ಲಿಸಿ ನನ್ನನ್ನು ನೋಡಿದರು. ಗಿರಾಕಿಯನ್ನು ಕೇಳುವ ಹಾಗೆಯೇ ಕೇಳಿದರು.

"ಯಾವ ಅಳತೆ? ಡಾಕ್ಟ್ರು ಹೇಳಿದ್ದಾ, ನಾನು ಕೊಡ್ತಿದ್ದಿದ್ದಾ?"

ಸಿಸ್ಟರ್ ಎರಡೂ ಸರಿ ಎಂದಿದ್ದರು. ಅರ್ಧ ಎಂದರೆ ಯಾರೂ ನನ್ನನ್ನು ಹೇಡಿ ಎನ್ನುತ್ತಿರಲಿಲ್ಲ, ಆ ರಾತ್ರಿ ನಿದ್ದೆಯೂ ಬರುತ್ತಿತ್ತು. ಅರ್ಧ ಎನ್ನಲು ಬಾಯಿ ತೆರೆದೆ. ಆಕಳಿಕೆ ಬಂತು. ದೊಡ್ಡದು, ದವಡೆ ಕಳಚುವಂಥದ್ದು. ಅದು ಮುಗಿಯುವವರೆಗೂ ಇಬ್ಬರೂ ಕಾದರು.

"ನಿನ್ನೆ ಕೊಟ್ಟಷ್ಟೇ ಕೊಡಿ ಅತ್ತೆ," ಅಂದೆ.

ಹಾಗೆ ಅಂದದ್ದಕ್ಕೆ ಬೆಳಗಾಗುವವರೆಗೂ ನನ್ನನ್ನು ನಾನೇ ಬಯ್ದುಕೊಂಡೆ ಎನ್ನುವುದು ಬೇರೆ ಮಾತು.